ಕ್ಯಾರವಾನ್‌ಗೆ ಜನರೇಟರ್: ಆಯ್ಕೆಗೆ ಮುನ್ನ ತಿಳಿದಿರಬೇಕಾದ ಸಂಗತಿಗಳು

ಮಲಗಲು ಹಾಸಿಗೆ, ಅಡುಗೆಗೆ ಒಲೆ, ಶೌಚಾಲಯ ಎಲ್ಲವನ್ನೂ ಹೊತ್ತು ತಿರುಗುವ ಗಾಡಿಗೆ ಕ್ಯಾರವಾನ್ ಎಂದು ಹೆಸರು. ಅಮೆರಿಕದಲ್ಲಿ ಇದನ್ನು ಹೆಚ್ಚಾಗಿ ಕಾರು ಅಥವಾ ಪಿಕಪ್ಪಿನ ಹಿಂದೆ ಟ್ರೈಲರ್ ಆಗಿ ಕಟ್ಟಿ ಎಳೆಯುತ್ತಾರೆ. ನಮ್ಮಲ್ಲಿ ವ್ಯಾನು ಅಥವಾ ಬಸ್ಸಿನ ಚಾಸಿಯ ಮೇಲೆಯೇ ಕಟ್ಟಿದ ಗಾಡಿಗಳೇ ಜಾಸ್ತಿ. 2021ರಲ್ಲಿ ಕೇರಳ ಸರಕಾರ ‘ಕೇರವಾನ್ ಕೇರಳ’ ಯೋಜನೆ ಪ್ರಕಟಿಸಿದ ಮೇಲೆ ಕಾಸರಗೋಡು, ವಯನಾಡು ಕಡೆಯ ರಸ್ತೆಗಳಲ್ಲೂ ಇವುಗಳ ಮಾತು ಕೇಳಿಬಂತು. ಸಿನಿಮಾ ಚಿತ್ರೀಕರಣ, ಮದುವೆ ದಿಬ್ಬಣಗಳಿಗೂ ಬಾಡಿಗೆಗೆ ಹೋಗುತ್ತವೆ. ಗಾಡಿ ಎಲ್ಲಿ ನಿಂತರೂ ಎಸಿ ಓಡಬೇಕಾದರೆ ಕರೆಂಟು ಬೇಕು. ಅದಕ್ಕಾಗಿಯೇ ಗಾಡಿಯ ಒಡಲಲ್ಲೊಂದು ಜನರೇಟರ್.

ಈ ವಿಚಾರದಲ್ಲಿ ಮೊದಲು ನೋಡಬೇಕಾದದ್ದು ಬೆಲೆಯನ್ನಲ್ಲ, ಹೊಗೆಯನ್ನು. 2024ರ ಡಿಸೆಂಬರಿನಲ್ಲಿ ಕೋಝಿಕ್ಕೋಡ್ ಜಿಲ್ಲೆಯ ವಡಕರದ ಬಳಿ ರಾಷ್ಟ್ರೀಯ ಹೆದ್ದಾರಿಯ ಬದಿಗೆ ನಿಲ್ಲಿಸಿದ್ದ ಕ್ಯಾರವಾನ್ ಒಂದರಲ್ಲಿ ಇಬ್ಬರು ಕೆಲಸಗಾರರು ಶವವಾಗಿ ಪತ್ತೆಯಾದರು. ಸಾವಿಗೆ ಕಾರಣ ಕಾರ್ಬನ್ ಮೊನಾಕ್ಸೈಡ್ ವಿಷಾನಿಲ. ಬಳಿಕ ಕೋಝಿಕ್ಕೋಡಿನ ಎನ್‌ಐಟಿ ತಜ್ಞರು ಅದೇ ಗಾಡಿಯಲ್ಲಿ ಜನರೇಟರ್ ಓಡಿಸಿ ಪರೀಕ್ಷಿಸಿದಾಗ, ಅದರ ಹೊಗೆ ನೆಲಹಾಸಿನಲ್ಲಿದ್ದ ತೂತಿನ ಮೂಲಕ ಒಳಗೆ ಸೇರಿದ್ದು ಖಚಿತವಾಯಿತು. ಎಸಿಗಾಗಿ ಬಾಗಿಲು ಕಿಟಕಿ ಮುಚ್ಚಿದ್ದ ಗಾಡಿಯಲ್ಲಿ ಅನಿಲಕ್ಕೆ ಹೊರಹೋಗುವ ದಾರಿ ಇರುವುದಿಲ್ಲ.

ಈ ಅನಿಲಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದ ಹಿಮೋಗ್ಲೋಬಿನ್‌ಗೆ ಇದು ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಗಟ್ಟಿಯಾಗಿ ಅಂಟಿಕೊಳ್ಳುತ್ತದೆ. ತಲೆನೋವು, ತಲೆಸುತ್ತು, ವಾಕರಿಕೆ ಮೊದಲ ಲಕ್ಷಣಗಳು. ಪ್ರಯಾಣದ ಆಯಾಸ ಎಂದು ಮಲಗಿದವರು ಏಳುವುದೇ ಇಲ್ಲ. ಆದ್ದರಿಂದ ಜನರೇಟರ್ ಇಡುವ ಪೆಟ್ಟಿಗೆ ಲೋಹದ್ದಾಗಿದ್ದು ಗಾಡಿಯ ಒಳಭಾಗದಿಂದ ಪೂರ್ತಿ ಬೇರೆಯಾಗಿರಬೇಕು, ಬಾಗಿಲು ಹೊರಗಿನಿಂದ ಮಾತ್ರ ತೆರೆಯಬೇಕು. ವೈರು, ಪೈಪು ಹಾದುಹೋಗುವ ಪ್ರತಿ ತೂತನ್ನೂ ಬೆಂಕಿ ತಾಳುವ ಸೀಲೆಂಟಿನಿಂದ ಮುಚ್ಚಿರಬೇಕು. ಸೈಲೆನ್ಸರ್ ಕೊಳವೆ ಗಾಡಿಯ ಅಂಚನ್ನು ದಾಟಿ ಹೊರಗೆ ಚಾಚಿರಬೇಕು, ಕಿಟಕಿಯ ಕೆಳಗೆ ಬಾಯಿ ತೆರೆಯಬಾರದು. ಮಲಗುವ ಜಾಗದಲ್ಲಿ ಕಾರ್ಬನ್ ಮೊನಾಕ್ಸೈಡ್ ಅಲಾರಂ ಇಲ್ಲದ ಗಾಡಿಯನ್ನು ಕೊಳ್ಳುವುದಿರಲಿ, ಒಂದು ರಾತ್ರಿಗೆ ಬಾಡಿಗೆಗೆ ಪಡೆಯುವುದೂ ಬೇಡ. ಅಲಾರಂ ಕೂಗಿದರೆ ಮೊದಲು ಎಲ್ಲರೂ ಹೊರಗೆ, ಆಮೇಲೆ ಎಂಜಿನ್ ಬಂದ್. ಹೊಗೆ ಅಲಾರಂ ಬೇರೆ, ಇದು ಬೇರೆ. ಅಂಗಡಿಯಲ್ಲಿ ಒಂದರ ಬದಲು ಇನ್ನೊಂದನ್ನು ಕೊಟ್ಟಾರು.

ಇನ್ನು ಎಷ್ಟು ದೊಡ್ಡದು ಬೇಕು ಎಂಬ ಲೆಕ್ಕ. ಒಂದು ಟನ್ನಿನ ಎಸಿ ಓಡುವಾಗ ಸುಮಾರು 1,200 ವ್ಯಾಟ್, ಸಣ್ಣ ಫ್ರಿಜ್ 150, ದೀಪ ಫ್ಯಾನು ಟಿವಿ ಎಲ್ಲ ಸೇರಿ 250, ಮಿಕ್ಸಿ 750. ಒಟ್ಟು 2,350 ವ್ಯಾಟ್. ಆದರೆ ಹಳೆಯ ಬಗೆಯ ಎಸಿಯ ಕಂಪ್ರೆಸರ್ ಶುರುವಾಗುವ ಕ್ಷಣದಲ್ಲಿ ಓಡುವಾಗಿನ ಎರಡು ಮೂರು ಪಟ್ಟು ಕರೆಂಟು ಎಳೆಯುತ್ತದೆ. ಜನರೇಟರ್ ಒಮ್ಮೆ ಉಸಿರುಗಟ್ಟಿದಂತೆ ಗೊರಗೊರ ಎನ್ನುವುದು ಆಗಲೇ. ಇನ್ವರ್ಟರ್ ಎಸಿ ಇದ್ದರೆ ಅಥವಾ ಎಸಿಗೆ ಸಾಫ್ಟ್ ಸ್ಟಾರ್ಟರ್ ಹಾಕಿಸಿದರೆ ಈ ತೊಂದರೆ ತಗ್ಗುತ್ತದೆ, 3 ಕಿಲೋವ್ಯಾಟ್ ಸಾಕಾಗುತ್ತದೆ. ಗೀಸರ್ ಒಂದೇ 2,000 ವ್ಯಾಟ್ ನುಂಗುತ್ತದೆ. ಅದನ್ನು ಎಸಿ ನಿಲ್ಲಿಸಿ ಹಾಕುವುದೇ ಜಾಣತನ. ಸೆಟ್ಟಿನ ಮೇಲೆ ಕೆವಿಎ ಎಂದು ಬರೆದಿದ್ದರೆ ಸಾಮಾನ್ಯವಾಗಿ 0.8ರಿಂದ ಗುಣಿಸಿ ಕಿಲೋವ್ಯಾಟ್ ತಿಳಿಯಬೇಕು. 5 ಕೆವಿಎ ಎಂದರೆ 4 ಕಿಲೋವ್ಯಾಟ್.

‘ದೊಡ್ಡದಿರಲಿ, ಮುಂದಕ್ಕೆ ಬೇಕಾದೀತು’ ಎಂದು ಕೊಳ್ಳುವುದು ನಷ್ಟದ ವ್ಯವಹಾರ. ಹೋಂಡಾ ಕಂಪನಿಯ ಇಯು2200ಐ ಎಂಬ ಸಣ್ಣ ಸೆಟ್ಟಿನ ಲೆಕ್ಕ ನೋಡಿ. 3.6 ಲೀಟರ್ ಪೆಟ್ರೋಲಿನಲ್ಲಿ ಪೂರ್ಣ ಹೊರೆಗೆ, ಅಂದರೆ 1,800 ವ್ಯಾಟಿಗೆ 3.2 ಗಂಟೆ, ಕಾಲು ಹೊರೆಗೆ 8.1 ಗಂಟೆ. ಲೀಟರಿಗೆ ಮೊದಲನೆಯದರಲ್ಲಿ 1.6 ಯೂನಿಟ್ ಸಿಕ್ಕರೆ, ಎರಡನೆಯದರಲ್ಲಿ ಒಂದೇ ಯೂನಿಟ್. ಇದು ಹೊರೆಗೆ ತಕ್ಕಂತೆ ವೇಗ ತಗ್ಗಿಸುವ ಇನ್ವರ್ಟರ್ ಬಗೆಯ ಸೆಟ್. ಹಾಗಿಲ್ಲದವುಗಳಲ್ಲಿ ನಷ್ಟ ಇನ್ನೂ ಜಾಸ್ತಿ. ಡೀಸೆಲ್ ಎಂಜಿನ್ನನ್ನು ತಿಂಗಳುಗಟ್ಟಲೆ ಸಣ್ಣ ಹೊರೆಗೆ ಓಡಿಸಿದರೆ ಇಂಧನ ಪೂರ್ತಿ ಉರಿಯದೆ ಒಳಗೆ ಮಸಿ ಕಟ್ಟುತ್ತದೆ.

ನೀಲಗಿರಿಯವರು ಇನ್ನೊಂದು ಲೆಕ್ಕ ಹಾಕಬೇಕು. ಎತ್ತರ ಏರಿದಂತೆ ಗಾಳಿ ತೆಳುವಾಗಿ ಎಂಜಿನ್ನಿನ ಶಕ್ತಿ ಕುಂದುತ್ತದೆ. ಪೆಟ್ರೋಲ್ ಸೆಟ್ಟುಗಳಲ್ಲಿ ಪ್ರತಿ ಸಾವಿರ ಅಡಿಗೆ ಶೇ. 3.5ರಷ್ಟು ಎಂಬುದು ವಾಡಿಕೆಯ ಲೆಕ್ಕ. ಊಟಿ ಇರುವುದು ಸುಮಾರು 7,350 ಅಡಿ ಎತ್ತರದಲ್ಲಿ. ಕೆಳಗೆ 4 ಕಿಲೋವ್ಯಾಟ್ ಕೊಡುವ ಸೆಟ್ ಅಲ್ಲಿ ಕೊಡುವುದು ಮೂರೇ. ಅಲ್ಲಿಯ ಚಳಿಗೆ ಎಸಿ ಬೇಡ ನಿಜ, ಆದರೆ ಹೀಟರ್ ಬೇಕಲ್ಲ.

ಇಂಧನದ ವಿಚಾರ ಸರಳ. ಗಾಡಿ ಯಾವುದರಲ್ಲಿ ಓಡುತ್ತದೋ ಜನರೇಟರಿಗೂ ಅದೇ ಇದ್ದರೆ ಡಬ್ಬಿ ಹೊರುವ ಕೆಲಸವಿಲ್ಲ. ಗ್ಯಾಸಿನ ಸೆಟ್ಟುಗಳು ಅಮೆರಿಕದ ಟ್ರೈಲರುಗಳಲ್ಲಿ ಸಾಮಾನ್ಯ. ನಮ್ಮಲ್ಲಿ ಮನೆಯ 14.2 ಕೆ.ಜಿ. ಸಿಲಿಂಡರನ್ನು ಇದಕ್ಕೆ ಜೋಡಿಸುವುದು ಕಾನೂನಿಗೆ ವಿರುದ್ಧ.

ಅಮೆರಿಕದಲ್ಲಿ ಈ ಬಗೆಯ ಸೆಟ್ಟುಗಳಿಗೆ ಹೆಸರಾದದ್ದು ಓನನ್. 1920ರಲ್ಲಿ ಮಿನಿಯಾಪೊಲಿಸ್‌ನಲ್ಲಿ ಶುರುವಾದ ಈ ಕಂಪನಿ ಈಗ ಕಮಿನ್ಸ್ ಒಡೆತನದಲ್ಲಿದೆ. ಅಲ್ಲಿ ಬಳಸಿದ ಸೆಟ್ಟು ಅಗ್ಗಕ್ಕೆ ಸಿಕ್ಕಿತೆಂದು ತರಿಸುವವರಿಗೆ ಒಂದು ಎಚ್ಚರಿಕೆ: ಅಮೆರಿಕದ ಕರೆಂಟು 120 ವೋಲ್ಟ್, 60 ಹರ್ಟ್ಸ್, ನಮ್ಮದು 230 ವೋಲ್ಟ್, 50 ಹರ್ಟ್ಸ್. ನಮ್ಮ ಎಸಿ, ಫ್ರಿಜ್‌ಗಳಿಗೆ ಅದು ಹೊಂದುವುದಿಲ್ಲ.

ತೂಕವನ್ನೂ ಮರೆಯಬಾರದು. 4 ಕಿಲೋವ್ಯಾಟಿನ ಪೆಟ್ರೋಲ್ ಸೆಟ್ ಸುಮಾರು 80 ಕೆ.ಜಿ. ಇರುತ್ತದೆ. ಎಳೆಯುವ ಟ್ರೈಲರಿನಲ್ಲಿ ಒಟ್ಟು ತೂಕದ ಶೇ. 10ರಿಂದ 15ರಷ್ಟು ಮುಂದಿನ ಕೊಕ್ಕೆಯ ಮೇಲೆ ಬೀಳಬೇಕೆಂಬುದು ನಿಯಮ. ಜನರೇಟರನ್ನು ತೀರ ಹಿಂದಕ್ಕೆ ತೂಗುಹಾಕಿದರೆ ಮುಂಭಾಗ ಹಗುರವಾಗಿ ವೇಗದಲ್ಲಿ ಟ್ರೈಲರ್ ಹಾವಿನಂತೆ ಓಲಾಡುತ್ತದೆ. ಹಳೆಯ ಗಾಡಿಗೆ ಹೊಸದಾಗಿ ಕೂರಿಸುವವರು ಚಾಸಿಗೆ ಬೆಸುಗೆ ಹಾಕಿಸುವ ಮೊದಲು ಆರ್‌ಟಿಒ ಕಚೇರಿಗೆ ಹೋಗಿಬರಲಿ. ನೋಂದಣಿ ಪತ್ರದಲ್ಲಿರುವ ವಿವರ ಬದಲಾಗುವಂಥ ಮಾರ್ಪಾಡಿಗೆ 1988ರ ಮೋಟಾರು ವಾಹನ ಕಾಯಿದೆಯ 52ನೇ ಕಲಮು ಅಡ್ಡಬರುತ್ತದೆ. ವಿಮೆ ಕಂಪನಿಯವರೂ ಅದನ್ನೇ ಹಿಡಿದು ಪರಿಹಾರ ನಿರಾಕರಿಸಬಹುದು.

ಸದ್ದಿನ ವಿಷಯದಲ್ಲಿ ಅಮೆರಿಕದ ರಾಷ್ಟ್ರೀಯ ಉದ್ಯಾನಗಳ ಮಿತಿ 50 ಅಡಿ ದೂರದಲ್ಲಿ 60 ಡೆಸಿಬೆಲ್. ನಮ್ಮಲ್ಲಿ ಡೀಸೆಲ್ ಸೆಟ್ಟುಗಳಿಗೆ ಒಂದು ಮೀಟರ್ ದೂರದಲ್ಲಿ 75 ಡೆಸಿಬೆಲ್ ಮಿತಿಯಿದೆ. ಕಾಡಂಚಿನಲ್ಲಿ ರಾತ್ರಿ ಅದೂ ದೊಡ್ಡ ಸದ್ದೇ.

ಕೂರಿಸುವಾಗ ಚೇಂಜ್‌ಓವರ್ ಸ್ವಿಚ್ ಕಡ್ಡಾಯ. ಹೊರಗಿನ ಕರೆಂಟು ಮತ್ತು ಜನರೇಟರಿನ ಕರೆಂಟು ಯಾವ ಕಾರಣಕ್ಕೂ ಒಂದಾಗಬಾರದು. ಒಂದಾದರೆ ಸೆಟ್ ಸುಡುವುದಷ್ಟೇ ಅಲ್ಲ, ಲೈನ್‌ಮ್ಯಾನ್‌ನ ಪ್ರಾಣಕ್ಕೂ ಅಪಾಯ. ಜೊತೆಗೆ 30 ಮಿಲಿ ಆಂಪಿಯರಿನ ಆರ್‌ಸಿಸಿಬಿ ಇರಲಿ.

ಎಸಿ ಬೇಡದವರಿಗೆ ಜನರೇಟರೇ ಬೇಡ. 12.8 ವೋಲ್ಟಿನ 200 ಆಂಪಿಯರ್-ಅವರ್ ಲಿಥಿಯಂ ಬ್ಯಾಟರಿಯಲ್ಲಿ ಎರಡೂವರೆ ಯೂನಿಟ್ ಹಿಡಿಯುತ್ತದೆ. ದೀಪ, ಫ್ಯಾನು, ಮೊಬೈಲ್ ಚಾರ್ಜಿಂಗಿಗೆ ರಾತ್ರಿಯಿಡೀ ಸಾಕು, ಹಗಲು ಮೇಲ್ಛಾವಣಿಯ ಸೋಲಾರ್ ಹಲಗೆ ತುಂಬಿಸುತ್ತದೆ. ರಾತ್ರಿಯಿಡೀ ಎಸಿ ಬೇಕೆಂದರೆ ಇಂಥ ಎರಡು ಮೂರು ಬ್ಯಾಟರಿ ಬೇಕಾಗುತ್ತದೆ, ಖರ್ಚು ಏರುತ್ತದೆ. ಆದರೂ ಮಲಗುವ ಹೊತ್ತಿಗೆ ಎಂಜಿನ್ ಬಂದ್ ಮಾಡಬಹುದೆಂಬ ಒಂದೇ ಕಾರಣಕ್ಕೆ ಆ ಖರ್ಚು ದುಬಾರಿಯಲ್ಲ.

ಬಳಸದೆ ಬಿಟ್ಟ ಸೆಟ್ ಬೇಗ ಕೆಡುತ್ತದೆ. ತಿಂಗಳಿಗೊಮ್ಮೆ ಅರ್ಧ ಹೊರೆಯಲ್ಲಿ ಎರಡು ಗಂಟೆ ಓಡಿಸಬೇಕು, ಇಲ್ಲವಾದರೆ ಪೆಟ್ರೋಲ್ ಅಂಟಾಗಿ ಕಾರ್ಬುರೇಟರ್ ಕಟ್ಟಿಕೊಳ್ಳುತ್ತದೆ. ಹೊಸ ಸೆಟ್ಟಿನ ಎಂಜಿನ್ ಆಯಿಲ್ ಮೊದಲ ಬಾರಿ ಬೇಗನೆ, ಆಮೇಲೆ ಕೈಪಿಡಿಯಲ್ಲಿ ಹೇಳಿದಷ್ಟು ಗಂಟೆಗೊಮ್ಮೆ ಬದಲಿಸಬೇಕು. ಆಯಿಲ್ ಬದಲಿಸುವ ದಿನವೇ ಸೈಲೆನ್ಸರ್ ಕೊಳವೆಯ ಕೀಲುಗಳನ್ನೂ ನೆಲದ ಸೀಲೆಂಟನ್ನೂ ಟಾರ್ಚ್ ಹಾಕಿ ನೋಡಬೇಕು, ಅಲಾರಮಿನ ಟೆಸ್ಟ್ ಗುಂಡಿ ಒತ್ತಬೇಕು.