ಶಾಸನದ ಅಂಕೆ, ಪುಟದ ವಿಳಾಸ

ತೊಣ್ಣೂರಿನ ಶಾಸನವೊಂದನ್ನು ಹುಡುಕಿ ಹೊರಟವರು ಮೊದಲು ಕೇಳಿಕೊಳ್ಳಬೇಕು: ಕೈಯಲ್ಲಿರುವುದು ಹಳೆಯ ಅಂಕೆಯೋ, ಹೊಸದೋ? ಬಿ. ಎಲ್. ರೈಸ್ 1894ರಲ್ಲಿ ತಂದ ಎಪಿಗ್ರಾಫಿಯಾ ಕರ್ನಾಟಿಕದ 3ನೆಯ ಸಂಪುಟದಲ್ಲಿ ಆ ಊರಿನ ಕಲ್ಲುಗಳು ಶ್ರೀರಂಗಪಟ್ಟಣದ ಲೆಕ್ಕದಲ್ಲಿವೆ. ಕೆ.ಆರ್. ಪೇಟೆ, ನಾಗಮಂಗಲದವು 1898ರ 4ನೆಯ ಸಂಪುಟಕ್ಕೆ ಸೇರಿದವು. ಮೈಸೂರು ವಿಶ್ವವಿದ್ಯಾನಿಲಯದ ಪರಿಷ್ಕೃತ ಆವೃತ್ತಿಯಲ್ಲಿ ಕೆ.ಆರ್. ಪೇಟೆ, ಪಾಂಡವಪುರ, ಶ್ರೀರಂಗಪಟ್ಟಣ ಮೂರೂ 6ನೆಯ ಸಂಪುಟಕ್ಕೆ (1977), ನಾಗಮಂಗಲ 7ಕ್ಕೆ (1979) ಬಂದವು. ಪಾಂಡವಪುರದ ಲೆಕ್ಕಕ್ಕೆ ಬಂದ ತೊಣ್ಣೂರು ಈಗ ‘ಎಕ 6 ಪಾಂಪು’, ಎಂದರೆ ಎಪಿಗ್ರಾಫಿಯಾ ಕರ್ನಾಟಿಕ 6, ಪಾಂಡವಪುರ. ಸಂಪಾದಕರು ಹೊಸ ಅಂಕೆಯ ಪಕ್ಕದಲ್ಲೇ ಹಳೆಯದನ್ನೂ ಕೊಟ್ಟಿದ್ದರಿಂದ ಎಂಬತ್ತು ವರ್ಷಗಳ ಅಡಿಟಿಪ್ಪಣಿಗಳು ಅನಾಥವಾಗಲಿಲ್ಲ.

ಹಳೆಯ ವಿಳಾಸವನ್ನು ಕೈಬಿಡಬಾರದೆಂಬ ಈ ಪಾಠವನ್ನು ತಂತ್ರಾಂಶದ ಕೈಪಿಡಿ ಬರೆಯುವವರು ಬೇರೆ ದಾರಿಯಲ್ಲಿ, ತಡವಾಗಿ ಕಲಿತರು. ಪುಟದ ಅಚ್ಚು, ಅಂದರೆ ಟೆಂಪ್ಲೇಟು, ಮಾತ್ರ ಅವರಿಗೆ ಬೇಗ ಸಿಕ್ಕಿತ್ತು. 1971ರ ನವೆಂಬರ್ 3ರ ಯುನಿಕ್ಸ್ ಕೈಪಿಡಿಯಲ್ಲಿ ಪ್ರತಿ ಆದೇಶಕ್ಕೂ ಒಂದೇ ಕ್ರಮ: ಹೆಸರು, ಬಳಸುವ ರೀತಿ, ವಿವರಣೆ, ಕಡತಗಳು, ಕೊನೆಯ ಕಡೆಗೆ ದೋಷಗಳು. ತಮ್ಮ ದೋಷವನ್ನು ತಾವೇ ಅಚ್ಚು ಹಾಕಿಸುವ ಆ ಧೈರ್ಯ ಆಮೇಲೆ ಬಂದ ಎಷ್ಟು ಕೈಪಿಡಿಗಳಲ್ಲಿದೆ?

ಕೈಪಿಡಿ ಬರೆಯುವ ಸಲಕರಣೆಗಳು ಆಮೇಲೆ ಒಂದೊಂದಾಗಿ ಬಂದವು. 2004ರಲ್ಲಿ ಸಾದಾ ಪಠ್ಯದಲ್ಲೇ ತಲೆಬರಹ, ಪಟ್ಟಿಗಳನ್ನು ಗುರುತಿಸುವ ಮಾರ್ಕ್‌ಡೌನ್ ಬಂತು. 2008ರಲ್ಲಿ ಜೆಕಿಲ್, ಜೊತೆಗೆ ಪೈಥಾನ್ ದಾಖಲೆಗಾಗಿಯೇ ಹುಟ್ಟಿದ ಸ್ಫಿಂಕ್ಸ್, 2010ರಲ್ಲಿ ರೀಡ್ ದ ಡಾಕ್ಸ್, 2014ರಲ್ಲಿ ಎಂಕೆಡಾಕ್ಸ್, 2017ರಲ್ಲಿ ಡಾಕ್ಯುಸಾರಸ್. ಎಲ್ಲದರ ತಿರುಳು ಒಂದೇ. ಬರಹ ಸಾದಾ ಪಠ್ಯ ಕಡತದಲ್ಲಿ, ರೂಪ ಟೆಂಪ್ಲೇಟಿನಲ್ಲಿ; ಎರಡನ್ನೂ ಒಮ್ಮೆ ಬೆಸೆದು ಪುಟಗಳನ್ನು ಸಿದ್ಧಮಾಡಿಟ್ಟರೆ ಡೇಟಾಬೇಸಿನ ಗೊಡವೆಯಿಲ್ಲ. ಇಂಥ ಸ್ಟ್ಯಾಟಿಕ್ ಸೈಟನ್ನು ಪೆನ್‌ಡ್ರೈವಿಗೆ ಹಾಕಿ ನೆಟ್‌ವರ್ಕ್ ಸಿಗದ ಶಾಲೆಗೂ ಒಯ್ಯಬಹುದು. ಎಂಕೆಡಾಕ್ಸ್‌ಗಂತೂ ಶುರುಮಾಡಲು ಒಂದು ಸಂರಚನಾ ಕಡತ, ಬರಹಗಳ ಒಂದು ಫೋಲ್ಡರ್ ಸಾಕು.

ಕನ್ನಡದಲ್ಲಿ ಬರೆಯಹೊರಟಾಗ ತೊಡಕು ಶುರುವಾಗುತ್ತದೆ. ಈ ಸಲಕರಣೆಗಳು ಪುಟದೊಳಗಿನ ಪ್ರತಿ ಭಾಗದ ವಿಳಾಸವನ್ನು ಅದರ ತಲೆಬರಹದ ಅಕ್ಷರಗಳಿಂದಲೇ ಕಟ್ಟುತ್ತವೆ. ಆದರೆ ಎಂಕೆಡಾಕ್ಸ್ ಬಳಸುವ ಪೈಥಾನ್-ಮಾರ್ಕ್‌ಡೌನ್ ರೂಢಿಯಂತೆ ರೋಮನ್ ಅಲ್ಲದ ಅಕ್ಷರಗಳನ್ನು ಉದುರಿಸಿಬಿಡುತ್ತದೆ. ‘ಕೀಲಿಮಣೆ ವಿನ್ಯಾಸ’ ಎಂಬ ತಲೆಬರಹದಲ್ಲಿ ಏನೂ ಉಳಿಯುವುದಿಲ್ಲ. ವಿಳಾಸ ಬರಿಯ ಅಡಿಗೆರೆ ಮತ್ತು 1. ಮುಂದಿನದು 2, ಅದರ ಮುಂದಿನದು 3. ಸ್ಫಿಂಕ್ಸ್‌ನ ಒಳಗಿರುವ ಡಾಕ್‌ಯುಟಿಲ್ಸ್ ಕೂಡ ಹೀಗೇ ‘ಐಡಿ1’, ‘ಐಡಿ2’ ಎಂದು ಎಣಿಸುತ್ತ ಹೋಗುತ್ತದೆ. ನಡುವೆ ಹೊಸ ತಲೆಬರಹ ಸೇರಿಸಿದರೆ ಅದರ ಕೆಳಗಿನ ಅಂಕೆಗಳೆಲ್ಲ ಜರುಗುತ್ತವೆ. ಯಾರೋ ಕಳೆದ ವರ್ಷ ಕೊಟ್ಟ ಕೊಂಡಿ ಈಗ ಪಕ್ಕದ ಮನೆಯ ಬಾಗಿಲು ತಟ್ಟುತ್ತದೆ!

ಯುನಿಕೋಡ್ ವಿಳಾಸ ಉಳಿಸುವ ಆಯ್ಕೆಯೂ ಉಂಟು. ಆದರೆ ನಕಲು ಮಾಡಿ ಅಂಟಿಸಿದಾಗ ಅದು ಎಷ್ಟೋ ಸಲ ಶೇಕಡಾ ಚಿಹ್ನೆಗಳ ಉದ್ದನೆಯ ಸಾಲಾಗುತ್ತದೆ. ನನ್ನ ಒಲವು ಕೈಯಿಂದ ಬರೆದ ಹೆಸರಿನ ಕಡೆಗೆ: ತಲೆಬರಹದ ಕೊನೆಗೆ ಪುಷ್ಪಾವರಣದಲ್ಲಿ ರೋಮನ್ ಲಿಪಿಯ ಒಂದು ಚಿಕ್ಕ ಗುರುತು. ಟೆಂಪ್ಲೇಟ್ ಸಿದ್ಧಮಾಡುವ ದಿನವೇ ಇದಕ್ಕೆ ಬೇಕಾದ ವಿಸ್ತರಣೆಯನ್ನು ಸಂರಚನೆಗೆ ಸೇರಿಸಬೇಕು. ಇನ್ನೂರು ಪುಟ ಬರೆದ ಮೇಲೆ ಕೂತು ಗುರುತು ಹಾಕುವುದು ಯಾರಿಗೂ ಬೇಡದ ಕೆಲಸ.

ಪುಟವನ್ನೇ ಬೇರೆಡೆಗೆ ಸರಿಸಬೇಕಾಗಿ ಬಂದರೆ ಎಂಕೆಡಾಕ್ಸ್‌ಗೆ ರೀಡೈರೆಕ್ಟ್ ಪ್ಲಗಿನ್ ಇದೆ. ಅದರ ಪಟ್ಟಿಯಲ್ಲಿ ಎಡಕ್ಕೆ ಹಳೆಯ ವಿಳಾಸ, ಬಲಕ್ಕೆ ಹೊಸದು.