ಅಸ್ಸಿಸಿಯ ಇಳಿಜಾರಿನ ಹಾದಿಗಳು

ಅಕ್ಟೋಬರ್ 4 ಬಂತೆಂದರೆ ನಮ್ಮ ದೇವಾಲಯಗಳಲ್ಲಿ ಅಸ್ಸಿಸಿಯ ಸಂತ ಫ್ರಾನ್ಸಿಸರ ಪ್ರತಿಮೆಗೆ ಹೂವಿನ ಹಾರ ಬೀಳುತ್ತದೆ. ಭುಜದ ಮೇಲೊಂದು ಪಾರಿವಾಳ, ಕಾಲ ಬಳಿ ಒಂದು ತೋಳ. ಪ್ರಬೋಧನೆಯಲ್ಲಿ ಬಡತನದ ಬಗ್ಗೆ ನಾಲ್ಕು ಮಾತು, ಪಕ್ಷಿಗಳ ಬಗ್ಗೆ ಎರಡು ಮಾತು ಹೇಳಿ ಮುಗಿಸುತ್ತೇವೆ. ನಾವೂ ಹಲವು ವರ್ಷ ಹಾಗೆಯೇ ಮುಗಿಸಿದವರು. ಸಂತರು ದೈವಾಧೀನರಾದದ್ದು 1226ರ ಅಕ್ಟೋಬರ್ 3ರ ಸಂಜೆ; 2026ಕ್ಕೆ ಎಂಟುನೂರು ವರ್ಷ. ಈ ನೆಪದಲ್ಲಿ ಅವರ ಊರಿನ ಸುತ್ತಲಿನ ಕಾಲುದಾರಿಗಳ ಚರಿತ್ರೆಯನ್ನು ಓದುಗರ ಮುಂದೆ ಇಡಬೇಕೆನಿಸಿದೆ. ಸಂತರ ಜೀವನದ ಬಹುಪಾಲು ನಡೆದದ್ದು ಈ ದಾರಿಗಳ ಮೇಲೆಯೇ. ಅವುಗಳ ಮೇಲೆ ನಡೆಯುವವರೆಗೆ ನಮಗೆ ಆ ಜೀವನದ ಒಂದು ಮುಖ್ಯ ಸಂಗತಿ ತಿಳಿದಿರಲಿಲ್ಲ.

ನಾವು ಮೊದಲ ಸಲ ಅಸ್ಸಿಸಿಗೆ ಹೋದದ್ದು ರೋಮ್ ಯಾತ್ರೆಯ ತಂಡದ ಜೊತೆ, ಬಸ್ಸಿನಲ್ಲಿ. ಎರಡೂವರೆ ಗಂಟೆ ಸಮಯ ಕೊಟ್ಟಿದ್ದರು. ಬೆಟ್ಟದ ತುದಿಯ ಮಹಾದೇವಾಲಯ, ಅದರ ಗೋಡೆಯ ಚಿತ್ರಗಳು, ನೆಲಮಾಳಿಗೆಯ ಸಮಾಧಿ, ಹೊರಗೆ ಬಂದರೆ ಜಪಮಾಲೆಯ ಅಂಗಡಿ. ಅಷ್ಟರಲ್ಲಿ ಬಸ್ಸಿನ ಹಾರನ್. ಎರಡನೆಯ ಸಲ ಒಬ್ಬ ಸಹಪಾಠಿ ಗುರುಗಳ ಜೊತೆ ಹೋಗಿ ಮೂರು ದಿನ ಉಳಿದೆವು. ಆಗ ಬಸ್ಸು ಹತ್ತಲಿಲ್ಲ.

ಮೊದಲು ಊರಿನ ನೆಲೆ ನೋಡೋಣ. ಇಟಲಿಯ ನಡುಭಾಗದಲ್ಲಿ ಉಂಬ್ರಿಯಾ ಎಂಬ ಪ್ರಾಂತ್ಯವಿದೆ. ಅಲ್ಲಿಯ ಸುಬಾಸಿಯೊ ಬೆಟ್ಟದ ಎತ್ತರ 1290 ಮೀಟರ್. ಅದರ ಪಕ್ಕೆಗೆ ಅಂಟಿಕೊಂಡಂತೆ ಸುಮಾರು 400 ಮೀಟರ್ ಎತ್ತರದಲ್ಲಿ ಅಸ್ಸಿಸಿ ಇದೆ. ಬೆಟ್ಟದ ಕಲ್ಲು ನಸುಗೆಂಪು, ಊರಿನ ಮನೆಗಳೂ ಅದೇ ಬಣ್ಣ. ಕೆಳಗೆ, ಸುಮಾರು 200 ಮೀಟರ್ ಎತ್ತರದಲ್ಲಿ, ಹೊಲಗದ್ದೆಗಳ ಬಯಲು. ಮೇಲಿನ ಊರಿಗೂ ಕೆಳಗಿನ ಬಯಲಿಗೂ ನಡುವೆ ಆಲಿವ್ ತೋಪುಗಳ ಇಳಿಜಾರು. ನಮ್ಮ ಚಾಮುಂಡಿ ಬೆಟ್ಟದ ಮೆಟ್ಟಿಲಿನಷ್ಟು ಕಡಿದಲ್ಲ. ಆದರೆ ಮಧ್ಯಾಹ್ನದ ಬಿಸಿಲಿನಲ್ಲಿ ಹತ್ತಿದರೆ ಉಸಿರು ಬಿಡಿಸುತ್ತದೆ.

ಹನ್ನೆರಡನೆಯ ಶತಮಾನದಲ್ಲಿ ಈ ಇಳಿಜಾರು ಬರೀ ಮಣ್ಣಿನದಾಗಿರಲಿಲ್ಲ. ಕೋಟೆಗೋಡೆಯ ಒಳಗೆ ಇದ್ದವರು ನಾಗರಿಕರು. ಅವರಲ್ಲಿಯೂ ಎರಡು ವರ್ಗ: ಜಮೀನ್ದಾರಿ ಮನೆತನಗಳ ದೊಡ್ಡವರು, ವ್ಯಾಪಾರ, ಕಸುಬು ಮಾಡುವ ಕಿರಿಯರು. 1198ರಲ್ಲಿ ಊರ ಜನ ದಂಗೆ ಎದ್ದು ಬೆಟ್ಟದ ನೆತ್ತಿಯಲ್ಲಿದ್ದ ಕೋಟೆಯನ್ನೇ ಕೆಡವಿದರು. ಊರು ಬಿಟ್ಟ ದೊಡ್ಡವರು ನೆರೆಯ ಪೆರುಜಾ ನಗರದ ಬೆಂಬಲ ಪಡೆದರು. 1202ರಲ್ಲಿ ಕೊಲ್ಲೆಸ್ತ್ರಾದಾ ಎಂಬಲ್ಲಿ ಎರಡು ಊರುಗಳಿಗೆ ಯುದ್ಧವಾಗಿ ಅಸ್ಸಿಸಿ ಸೋತಿತು. ಸೆರೆಸಿಕ್ಕವರಲ್ಲಿ ಬಟ್ಟೆ ವ್ಯಾಪಾರಿ ಪಿಯೆತ್ರೊ ಬೆರ್ನಾರ್ದೊನೆಯವರ ಮಗ ಫ್ರಾನ್ಸಿಸ್ ಕೂಡ ಒಬ್ಬರು. ಸುಮಾರು ಒಂದು ವರ್ಷ ಸೆರೆಮನೆ, ಆಮೇಲೆ ದೀರ್ಘ ಕಾಯಿಲೆ. ಮುಂದೆ ತಮ್ಮ ಸಭೆಗೆ ಅವರು ಆರಿಸಿದ ಹೆಸರು ಕಿರಿಯ ಸೋದರರು. ಆ ಊರಿನಲ್ಲಿ ಕಿರಿಯರೆಂದರೆ ಯಾರು ಎಂಬುದು ಪ್ರತಿ ಮನೆಗೂ ಗೊತ್ತಿತ್ತು.

ಗೋಡೆಯ ಹೊರಗೆ, ಕೆಳಗೆ, ಬಯಲಿನಲ್ಲಿ ಇನ್ನೊಂದು ಜನ ಇದ್ದರು. ಅವರೇ ಕುಷ್ಠರೋಗಿಗಳು. ಊರೊಳಗೆ ಕಾಲಿಡಲು ಅವರಿಗೆ ಅಪ್ಪಣೆ ಇರಲಿಲ್ಲ. ಅವರಿಗಾಗಿ ಬಯಲಿನ ದಾರಿಗಳ ಪಕ್ಕ ಆಶ್ರಯಮನೆಗಳಿದ್ದವು. ಊರಿನಿಂದ ಪೊರ್ಸಿಯುಂಕುಲಾ ಪ್ರಾರ್ಥನಾಲಯಕ್ಕೆ ಇಳಿಯುವ ದಾರಿಯ ನಡುವೆ ಇದ್ದದ್ದು ಸಂತ ಸಾಲ್ವತೋರೆಯ ಆಸ್ಪತ್ರೆ. ಅದು ಇದ್ದ ಸ್ಥಳದಲ್ಲಿ ಈಗ ಕಾಸಾ ಗ್ವಾಲ್ದಿ ಎಂಬ ಕಟ್ಟಡವಿದೆ.

ಸಂತರ ಮೊದಲ ಚರಿತ್ರಕಾರರಾದ ಚೆಲಾನೊದ ತೋಮಾಸರು ಒಂದು ಚಿಕ್ಕ ವಿವರ ಕೊಡುತ್ತಾರೆ. ಯುವಕ ಫ್ರಾನ್ಸಿಸರಿಗೆ ಕುಷ್ಠರೋಗಿಗಳ ಮನೆಗಳು ಎರಡು ಮೈಲಿ ದೂರದಿಂದ ಕಂಡರೂ ಮೂಗು ಮುಚ್ಚಿಕೊಳ್ಳುವಷ್ಟು ಅಸಹ್ಯವಿತ್ತಂತೆ. ಗುರುಮಠದಲ್ಲಿ ಇದನ್ನು ಓದಿದಾಗ ನಾವು ಅದನ್ನು ಉತ್ಪ್ರೇಕ್ಷೆ ಎಂದುಕೊಂಡಿದ್ದೆವು. ಎರಡು ಮೈಲಿ ದೂರದಿಂದ ಯಾವ ವಾಸನೆ ಬಂದೀತು? ಆದರೆ ಅಸ್ಸಿಸಿಯ ಗೋಡೆಯ ಅಂಚಿನಲ್ಲಿ ನಿಂತು ಕೆಳಗೆ ನೋಡಿದಾಗ ಅರ್ಥವಾಯಿತು. ಬಯಲು ಅಂಗೈಯಂತೆ ಕಾಣುತ್ತದೆ. ಪೊರ್ಸಿಯುಂಕುಲಾವನ್ನು ಒಳಗೊಂಡ ದೊಡ್ಡ ಗುಮ್ಮಟ ಸುಮಾರು ನಾಲ್ಕು ಕಿಲೋಮೀಟರ್ ದೂರದಲ್ಲಿದೆ. ಅದಕ್ಕಿಂತ ಈಚೆಗೆ ಆಸ್ಪತ್ರೆ. ಎರಡು ಮೈಲಿ ಎಂಬುದು ಅವರ ಊರಿನಿಂದ ರೋಗಿಗಳ ಮನೆಗಿದ್ದ ಸರಿಸುಮಾರು ದೂರವೇ! ದಿನಾ ಬೆಳಿಗ್ಗೆ ಎದ್ದು ಬಂದರೆ ಕಣ್ಣಿಗೆ ಬೀಳುವ ಮನೆಗಳವು. ಕಾಣದವರನ್ನು ಮರೆಯುವುದು ಸುಲಭ. ಅಸ್ಸಿಸಿಯವರು ಕಾಣುವವರನ್ನೇ ಮರೆತಿದ್ದರು.

ಫ್ರಾನ್ಸಿಸರು ಆ ಇಳಿಜಾರನ್ನು ಇಳಿದರು. 1226ರಲ್ಲಿ, ಸಾಯುವ ಮುನ್ನ, ಅವರು ಹೇಳಿ ಬರೆಸಿದ ಅಂತಿಮ ಉಯಿಲಿನ ಆರಂಭದಲ್ಲಿ ಪಕ್ಷಿಗಳಿಲ್ಲ, ತೋಳವಿಲ್ಲ, ಇರುವವರು ಕುಷ್ಠರೋಗಿಗಳು. ತಮ್ಮ ಮನಪರಿವರ್ತನೆಯ ಲೆಕ್ಕವನ್ನು ಅವರು ಅಲ್ಲಿಂದಲೇ ಶುರು ಮಾಡುತ್ತಾರೆ.

ಇಲ್ಲಿ ನಮ್ಮದೊಂದು ಮಾತು ಹೇಳದೆ ಮುಂದೆ ಹೋಗಲಾರೆವು. ನಾವು ಹಿಂದೆ ಸೇವೆ ಸಲ್ಲಿಸಿದ ಒಂದು ಧರ್ಮಕೇಂದ್ರದಿಂದ ಎರಡು ಕಿಲೋಮೀಟರಿನ ಆಚೆ ಕುಷ್ಠರೋಗದಿಂದ ಗುಣವಾದವರ ಒಂದು ಕಾಲನಿ ಇತ್ತು. ಪ್ರತಿ ಕ್ರಿಸ್ಮಸ್‌ಗೆ ಜೀಪಿನಲ್ಲಿ ಹೋಗಿ ಕೇಕು, ಕಂಬಳಿ ಹಂಚಿ ಬರುತ್ತಿದ್ದೆವು. ಒಂದು ಸಲ ಅಲ್ಲಿಯ ಒಬ್ಬ ಹಿರಿಯರು, "ಫಾದರ್, ಸ್ವಲ್ಪ ಕೂತ್ಕೊಳ್ಳಿ, ಕಾಫಿ ಕುಡ್ಕೊಂಡು ಹೋಗಿ" ಎಂದರು. ಬೆರಳುಗಳಿಲ್ಲದ ಕೈಯಲ್ಲಿ ಕುರ್ಚಿಯನ್ನೂ ಎಳೆದು ಕೊಟ್ಟರು. "ಗಾಡಿ ಕಾಯ್ತಾ ಇದೆ, ಇನ್ನೊಂದು ಸಲ" ಎಂದು ಹೊರಟುಬಿಟ್ಟೆವು. ಐದು ವರ್ಷದಲ್ಲಿ ಒಮ್ಮೆಯೂ ನಡೆದು ಹೋಗಲಿಲ್ಲ. ಅಸ್ಸಿಸಿಯ ಗೋಡೆಯ ಬಳಿ ನಿಂತಾಗ ನೆನಪಾದದ್ದು ಆ ಕುರ್ಚಿ.

ಇನ್ನು ಹಾದಿಗಳಿಗೆ ಬರೋಣ. ಊರಿನ ಪೋರ್ತಾ ನೋವಾ, ಅಂದರೆ ಹೊಸ ಬಾಗಿಲಿನಿಂದ ಕೆಳಗಿಳಿದರೆ ಆಲಿವ್ ಮರಗಳ ನಡುವೆ ಕಾಲು ಗಂಟೆಯಲ್ಲಿ ಸಂತ ದಮಿಯಾನರ ದೇವಾಲಯ ಸಿಗುತ್ತದೆ. ಪಾಳುಬಿದ್ದಿದ್ದ ಈ ಪುಟ್ಟ ಗುಡಿಯಲ್ಲಿ ಪ್ರಾರ್ಥಿಸುತ್ತಿದ್ದಾಗಲೇ ಶಿಲುಬೆಯ ಮೇಲಿನ ಯೇಸುಸ್ವಾಮಿ ತಮ್ಮ ಆಲಯವನ್ನು ಸರಿಪಡಿಸಲು ಹೇಳಿದ್ದನ್ನು ಫ್ರಾನ್ಸಿಸರು ಕೇಳಿದರು. ಆ ಶಿಲುಬೆ ಈಗ ಮೇಲೆ ಸಂತ ಕ್ಲಾರಾರ ಮಹಾದೇವಾಲಯದಲ್ಲಿದೆ. ಗರಿಗಳ ಭಾನುವಾರದ ರಾತ್ರಿ ಮನೆ ಬಿಟ್ಟು, ಇದೇ ಇಳಿಜಾರನ್ನು ಕತ್ತಲಲ್ಲಿ ಇಳಿದು ಪೊರ್ಸಿಯುಂಕುಲಾ ಸೇರಿದ ಕ್ಲಾರಾ, ಮುಂದೆ ಸಂತ ದಮಿಯಾನದಲ್ಲಿ ನೆಲೆಸಿ ನಾಲ್ಕು ದಶಕಗಳಿಗೂ ಹೆಚ್ಚು ಕಾಲ ಬಾಳಿ 1253ರಲ್ಲಿ ಅಲ್ಲಿಯೇ ತೀರಿಕೊಂಡರು. ಅವರದು ದೊಡ್ಡವರ ಮನೆತನ. ಊರಿನ ಎತ್ತರದ ಭಾಗದಲ್ಲಿ ದೇವಾಲಯದ ಚೌಕಕ್ಕೆ ಮುಖಮಾಡಿದ್ದ ಮನೆ. ಆ ರಾತ್ರಿ ಅವರು ಇಳಿದದ್ದು ಫ್ರಾನ್ಸಿಸರಿಗಿಂತ ಹೆಚ್ಚಿನ ದೂರವೆಂದೇ ನಮ್ಮ ಎಣಿಕೆ.

ಮೇಲಕ್ಕೆ ಹೋಗುವ ಹಾದಿಯೂ ಇದೆ. ಕಪುಚಿನ್ ಬಾಗಿಲಿನಿಂದ ಹೊರಟು ಕಾಡಿನೊಳಗೆ ನಾಲ್ಕು ಕಿಲೋಮೀಟರ್ ಏರಿದರೆ ಸುಮಾರು 800 ಮೀಟರ್ ಎತ್ತರದಲ್ಲಿ ಕಾರ್ಚೆರಿ ಎಂಬ ಏಕಾಂತವಾಸದ ಸ್ಥಳ. ಮರಗಳ ಮೇಲೆ ಬಳಿದ ಕೆಂಪು ಬಿಳಿ ಗುರುತು ನೋಡಿಕೊಂಡು ಹೋಗಬೇಕು. ಫ್ರಾನ್ಸಿಸರು ಮತ್ತು ಸೋದರರು ಪ್ರಾರ್ಥನೆಗೆಂದು ಹೋಗಿ ಕೂರುತ್ತಿದ್ದ ಗುಹೆಗಳು ಅಲ್ಲಿವೆ. ಕಂಬಿಗಳ ಆಸರೆಯಲ್ಲಿ ನಿಂತ ಮುದಿ ಓಕ್ ಮರವೊಂದಿದೆ. ಪಕ್ಷಿಗಳಿಗೆ ಸಂತರು ಉಪದೇಶಿಸಿದ್ದು ಅದರ ಕೆಳಗೆ ಎಂದು ಜನ ಹೇಳುತ್ತಾರೆ. ಕಾರುಗಳೂ ಅಲ್ಲಿಗೆ ಬರುತ್ತವೆ. ಆದರೆ ಬೆವರಿಲ್ಲದೆ ಬಂದವರು ಹತ್ತು ನಿಮಿಷದಲ್ಲಿ ಫೋಟೊ ತೆಗೆದು ಹೊರಡುವುದನ್ನೂ, ನಡೆದು ಬಂದವರು ಕಲ್ಲಿನ ಮೇಲೆ ಸುಮ್ಮನೆ ಕೂತುಬಿಡುವುದನ್ನೂ ನಾವು ನೋಡಿದೆವು.

ಉತ್ತರಕ್ಕೆ ಗುಬ್ಬಿಯೊ ಊರಿಗೆ ಹೋಗುವ ಹಾದಿಗೆ ಎರಡು ಮೂರು ದಿನ ಬೇಕು. 1206ರಲ್ಲಿ ಧರ್ಮಾಧ್ಯಕ್ಷ ಗುಯಿದೊರವರ ಮುಂದೆ ತಂದೆ ಕೊಟ್ಟ ಬಟ್ಟೆಯನ್ನೆಲ್ಲ ಕಳಚಿಕೊಟ್ಟ ಮೇಲೆ ಫ್ರಾನ್ಸಿಸರು ಹಿಡಿದದ್ದು ಆ ದಿಕ್ಕು. ದಾರಿಯಲ್ಲಿ ಕಳ್ಳರು ಹಿಡಿದು ಯಾರೆಂದು ಕೇಳಿದಾಗ, ತಾವು ಮಹಾರಾಜನ ದೂತರೆಂದು ಉತ್ತರಿಸಿ, ಹೊಡೆಸಿಕೊಂಡು, ಹಿಮದ ಹಳ್ಳಕ್ಕೆ ಬಿದ್ದರೆಂದು ಚರಿತ್ರಕಾರರು ಹೇಳುತ್ತಾರೆ. ಈಗ ಈ ದಾರಿಗೆ ಶಾಂತಿಯ ಫ್ರಾನ್ಸಿಸ್ಕನ್ ಹಾದಿ ಎಂಬ ಹೆಸರಿದೆ. ಬಟ್ಟೆ ಕಳಚಿದ ಸ್ಥಳದ ನೆನಪಿನ ದೇವಾಲಯದಲ್ಲಿಯೇ 2025ರಲ್ಲಿ ಸಂತ ಪದವಿಗೇರಿದ ಕಾರ್ಲೊ ಅಕುತಿಸರ ಸಮಾಧಿಯೂ ಇದೆ. ನಮ್ಮ ಮಕ್ಕಳಿಗೆ ಫ್ರಾನ್ಸಿಸರಿಗಿಂತ ಈ ಹುಡುಗನ ಪರಿಚಯವೇ ಹೆಚ್ಚು! ಇರಲಿ, ಒಬ್ಬರನ್ನು ನೋಡಲು ಬಂದವರು ಇನ್ನೊಬ್ಬರನ್ನೂ ಕಾಣಲಿ.

ಸಂತರ ಕೊನೆಯ ಪಯಣವನ್ನು ಸ್ವಲ್ಪ ನಿಧಾನವಾಗಿ ಹೇಳಬೇಕು. 1224ರಲ್ಲಿ ಲಾವೆರ್ನಾ ಬೆಟ್ಟದಲ್ಲಿ ಕ್ರಿಸ್ತರ ಐದು ಗಾಯಗಳನ್ನು ಪಡೆದ ಮೇಲೆ ಅವರ ದೇಹ ಕುಗ್ಗಿತ್ತು, ಕಣ್ಣು ಬಹುತೇಕ ಹೋಗಿತ್ತು. ಕೊನೆಗಾಲದಲ್ಲಿ ಅವರನ್ನು ಊರೊಳಗೆ ಧರ್ಮಾಧ್ಯಕ್ಷರ ಭವನದಲ್ಲಿ ಇರಿಸಿ ಕಾವಲು ಹಾಕಿದ್ದರು. ಸಂತರು ಬೇರೆಡೆ ಸತ್ತರೆ ಅವರ ಪವಿತ್ರ ದೇಹ ಬೇರೆ ಊರಿನ ಪಾಲಾದೀತು ಎಂಬ ಭಯ! ಹಿಂದೆ ಹುಚ್ಚನೆಂದು ಕಲ್ಲೆಸೆದ ಊರಿಗೆ ಈಗ ಅವರನ್ನು ಬಿಟ್ಟುಕೊಡಲು ಮನಸ್ಸಿಲ್ಲ. ಫ್ರಾನ್ಸಿಸರು ಮಾತ್ರ ತಮ್ಮನ್ನು ಕೆಳಗೆ ಪೊರ್ಸಿಯುಂಕುಲಾಗೆ ಒಯ್ಯಿರಿ ಎಂದು ಕೇಳಿದರು.

ಸೋದರರು ಅವರನ್ನು ಮಂಚದ ಮೇಲೆ ಮಲಗಿಸಿ ಹೊತ್ತು ಇಳಿದರು. ಕುಷ್ಠರೋಗಿಗಳ ಆಸ್ಪತ್ರೆಯ ಬಳಿ ಬಂದಾಗ ಸಂತರು ಮಂಚವನ್ನು ಇಳಿಸಲು ಹೇಳಿದರು, ಮುಖವನ್ನು ಊರಿನ ಕಡೆಗೆ ತಿರುಗಿಸಿ ಎಂದರು. ಕಾಣದ ಕಣ್ಣಿನಿಂದ ಮೇಲಕ್ಕೆ ನೋಡಿ ಅಸ್ಸಿಸಿಯನ್ನು ಆಶೀರ್ವದಿಸಿದರು. ಒಂದು ಕಾಲದಲ್ಲಿ ಮೇಲೆ ನಿಂತು ಮೂಗು ಮುಚ್ಚಿಕೊಂಡು ನೋಡಿದ್ದ ಜಾಗವದು. ಈಗ ಅಲ್ಲಿಂದ ಊರಿನ ಕಡೆಗೆ ನೋಟ.

ಕೆಲವು ದಿನಗಳ ನಂತರ ಪೊರ್ಸಿಯುಂಕುಲಾದಲ್ಲಿ, ಬರಿ ನೆಲದ ಮೇಲೆ ಮಲಗಿ ಪ್ರಾಣ ಬಿಟ್ಟರು. ಮರುದಿನ ಬೆಳಿಗ್ಗೆ ಊರ ಜನ ಮರದ ಕೊಂಬೆ ಹಿಡಿದು, ಹಾಡುತ್ತಾ ದೇಹವನ್ನು ಮೇಲಕ್ಕೆ ಹೊತ್ತರು. ದಾರಿಯಲ್ಲಿ ಸಂತ ದಮಿಯಾನದ ಕಿಟಕಿಯ ಬಳಿ ಇಳಿಸಿದಾಗ ಕ್ಲಾರಾ ಮತ್ತು ಸೋದರಿಯರು ಕೊನೆಯ ಬಾರಿ ನೋಡಿ ಅತ್ತರು. ಎರಡೇ ವರ್ಷದಲ್ಲಿ, 1228ರ ಜುಲೈ 16ರಂದು, ಜಗದ್ಗುರು ಒಂಬತ್ತನೆಯ ಗ್ರೆಗೋರಿಯವರು ಅವರನ್ನು ಸಂತರೆಂದು ಸಾರಿ ಮರುದಿನವೇ ಮಹಾದೇವಾಲಯಕ್ಕೆ ಅಡಿಗಲ್ಲಿಟ್ಟರು. 1230ರಲ್ಲಿ ದೇಹವನ್ನು ಅಲ್ಲಿಗೆ ತಂದು, ಯಾರೂ ಕದಿಯದಂತೆ ನೆಲದೊಳಗೆ ಎಷ್ಟು ಭದ್ರವಾಗಿ ಇಟ್ಟರೆಂದರೆ, 1818ರಲ್ಲಿ ಐವತ್ತೆರಡು ರಾತ್ರಿ ಅಗೆದ ಮೇಲೆಯೇ ಅದು ಸಿಕ್ಕಿದ್ದು. 1997ರ ಸೆಪ್ಟೆಂಬರ್ 26ರ ಭೂಕಂಪದಲ್ಲಿ ಈ ಮಹಾದೇವಾಲಯದ ಛಾವಣಿ ಕುಸಿದು ಇಬ್ಬರು ಸನ್ಯಾಸಿಗಳೂ ಇಬ್ಬರು ತಜ್ಞರೂ ಪ್ರಾಣ ಕಳೆದುಕೊಂಡರು. ದುರಸ್ತಿಯ ನಂತರ 2000ದಲ್ಲಿ ಯುನೆಸ್ಕೊ ಮಹಾದೇವಾಲಯವನ್ನೂ ಇತರ ಫ್ರಾನ್ಸಿಸ್ಕನ್ ತಾಣಗಳನ್ನೂ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು.

ಊರಿನಿಂದ ಪೊರ್ಸಿಯುಂಕುಲಾಗೆ ಇಳಿಯುವ ರಸ್ತೆಯ ಪಕ್ಕ ಈಗ ನಡೆಯುವವರಿಗಾಗಿ ಕೆಂಪು ಇಟ್ಟಿಗೆಯ ದಾರಿ ಹಾಸಿದ್ದಾರೆ. ಇಟ್ಟಿಗೆಗಳ ಮೇಲೆ ದಾನಿಗಳ ಹೆಸರು ಕೆತ್ತಿದೆ. ನಮ್ಮ ದೇವಾಲಯಗಳ ಬೆಂಚಿನ ಮೇಲೂ ಫ್ಯಾನಿನ ರೆಕ್ಕೆಯ ಮೇಲೂ ಹೆಸರು ಬರೆಸುವವರು ನೆನಪಾಗಿ ನಗು ಬಂತು. ಇಲ್ಲಿ ಹೆಸರನ್ನು ತುಳಿದುಕೊಂಡೇ ಹೋಗುತ್ತಾರೆ, ಅಷ್ಟೇ ವ್ಯತ್ಯಾಸ. ಕಾಸಾ ಗ್ವಾಲ್ದಿ ಈ ದಾರಿಯಲ್ಲಿಯೇ ಸಿಗುತ್ತದೆ. ನಾವು ಅಲ್ಲಿ ನಿಂತ ಅರ್ಧ ಗಂಟೆಯಲ್ಲಿ ಬಸ್ಸುಗಳು ಒಂದರ ಹಿಂದೊಂದು ಹಾದುಹೋದವು, ಒಂದೂ ನಿಲ್ಲಲಿಲ್ಲ. ಹಿಂದೆ ನಮ್ಮ ಬಸ್ಸೂ ಹಾಗೆಯೇ ಹೋಗಿದ್ದಿರಬೇಕು.

ಅತ್ತೂರಿಗೂ ವೇಳಾಂಗಣಿಗೂ ಕಾಲ್ನಡಿಗೆಯಲ್ಲಿ ಹೋಗುವ ನಮ್ಮ ಜನಕ್ಕೆ ನಾಲ್ಕು ಕಿಲೋಮೀಟರ್ ಯಾವ ಲೆಕ್ಕ? ಮುಂದೆ ಅಸ್ಸಿಸಿಗೆ ಹೋಗುವ ಕುಟುಂಬಗಳು ಬಸ್ಸಿನವರಿಗೆ ಮೊದಲೇ ಹೇಳಿ ಬೆಟ್ಟದ ಮೇಲೆ ಇಳಿದುಕೊಳ್ಳಲಿ, ಬಸ್ಸನ್ನು ಕೆಳಗೆ ಪೊರ್ಸಿಯುಂಕುಲಾದ ಬಳಿ ಕಾಯಲು ಕಳುಹಿಸಲಿ. ಇಳಿಯಲು ಒಂದು ಗಂಟೆ ಸಾಕು. ಮಂಡಿನೋವಿನ ಅಜ್ಜ ಅಜ್ಜಿಯರು ಬಸ್ಸಿನಲ್ಲಿಯೇ ಇಳಿಯಬಹುದು. ನೀರಿನ ಬಾಟಲಿ ಇರಲಿ, ಬೇಸಿಗೆಯಾದರೆ ತಲೆಗೆ ಟೋಪಿ. ಕಾಸಾ ಗ್ವಾಲ್ದಿಯ ಬಳಿ ತಿರುಗಿ ನಿಂತು ಮೇಲೆ ನೋಡಿದರೆ ಊರು ಪೂರ್ತಿ ಕಾಣುತ್ತದೆ.