ಬಿ.ಡಬ್ಲ್ಯು. ವಿಲಕಾಜಿ: ಜುಲು ಕಾವ್ಯ ಮತ್ತು ವಿದ್ವತ್ತು

ಆಧುನಿಕ ಜುಲು ಕಾವ್ಯದ ಚರಿತ್ರೆಯನ್ನು ಬರೆಯಹೊರಟವರು ಬೆನೆಡಿಕ್ಟ್ ವಾಲೆಟ್ ವಿಲಕಾಜಿ ಅವರನ್ನು ಬಿಟ್ಟು ಮುಂದುವರಿಯುವಂತಿಲ್ಲ. ದಕ್ಷಿಣ ಆಫ್ರಿಕದ ನಟಾಲ್ ಪ್ರಾಂತದ ಗ್ರೌಟ್‌ವಿಲ್ ಮಿಷನ್ ನೆಲೆಯಲ್ಲಿ 1906ರ ಜನವರಿ 6ರಂದು ಜನಿಸಿದ ಇವರು, ಮರಿಯಾನ್‌ಹಿಲ್‌ನ ಕ್ಯಾಥೊಲಿಕ್ ಶಾಲೆಯಲ್ಲಿ ಕಲಿತು ಶಿಕ್ಷಕರಾದರು. ಪಾಠ ಹೇಳುತ್ತಲೇ ಅಂಚೆಯ ಮೂಲಕ ಓದಿ 1934ರಲ್ಲಿ ಬಿ.ಎ. ಪದವಿ ಪಡೆದರು.

1935ನೆಯ ವರ್ಷ ಅವರ ಬದುಕಿನ ತಿರುವು. ಅದೇ ವರ್ಷ 'ಇಂಕೊಂಡ್ಲೊ ಕಾ ಜುಲು' ಎಂಬ ಕವನಸಂಕಲನ ಪ್ರಕಟವಾಯಿತು. ಜೊಹಾನ್ಸ್‌ಬರ್ಗ್‌ನ ವಿಟ್‌ವಾಟರ್ಸ್‌ರ‍್ಯಾಂಡ್ ವಿಶ್ವವಿದ್ಯಾನಿಲಯದಲ್ಲಿ ಭಾಷಾಶಾಸ್ತ್ರಜ್ಞ ಸಿ.ಎಂ. ಡೋಕ್ ಅವರ ವಿಭಾಗಕ್ಕೆ ನೇಮಕವೂ ಆಯಿತು. ಬಿಳಿಯರ ವಿಶ್ವವಿದ್ಯಾನಿಲಯವೊಂದರಲ್ಲಿ ಬೋಧಿಸಿದ ಮೊದಲ ಕರಿಯ ಆಫ್ರಿಕನ್ ಅವರೇ. ಆದರೆ ಹುದ್ದೆಯ ಹೆಸರು 'ಭಾಷಾ ಸಹಾಯಕ' ಎಂದಿತ್ತು. ತನ್ನ ತಾಯ್ನುಡಿಯನ್ನು ಬೋಧಿಸಲು ಬಂದ ಕವಿಗೆ ಉಪನ್ಯಾಸಕನೆಂಬ ಪದನಾಮವನ್ನು ಕೊಡಲು ಸಂಸ್ಥೆ ಹಿಂಜರಿಯಿತೆಂಬುದನ್ನು ಇಲ್ಲಿ ಗಮನಿಸಬೇಕು.

ವಿಲಕಾಜಿಯವರ ಕಾವ್ಯ ವಿವಾದಕ್ಕೂ ಕಾರಣವಾಯಿತು. ಜುಲು ಜನರಲ್ಲಿ ಅರಸರನ್ನೂ ವೀರರನ್ನೂ ಹೊಗಳುವ 'ಇಜಿಬೊಂಗೊ' ಎಂಬ ಮೌಖಿಕ ಪ್ರಶಸ್ತಿಕಾವ್ಯದ ಪ್ರೌಢ ಪರಂಪರೆಯಿದೆ, ಅದರಲ್ಲಿ ಅಂತ್ಯಪ್ರಾಸವಿಲ್ಲ. ಇಂಗ್ಲಿಷ್ ಕವಿಗಳನ್ನು ಓದಿದ್ದ ವಿಲಕಾಜಿ ಪ್ರಾಸವನ್ನೂ ಪದ್ಯಖಂಡಗಳನ್ನೂ ಜುಲುವಿಗೆ ತಂದರು. ಈ ಭಾಷೆಯಲ್ಲಿ ಪದಗಳು ಸಾಮಾನ್ಯವಾಗಿ ಸ್ವರಾಂತ್ಯವಾಗಿದ್ದು, ಉಪಾಂತ್ಯ ಅಕ್ಷರವೇ ದೀರ್ಘವಾಗುವುದರಿಂದ, ಕೊನೆಯ ಅಕ್ಷರದ ಪ್ರಾಸ ಕಿವಿಗೆ ಮಂಕಾಗಿಯೇ ಕೇಳುತ್ತದೆ. ನಾಟಕಕಾರ ಎಚ್.ಐ.ಇ. ಧ್ಲೋಮೊ 1930ರ ದಶಕದ ಕೊನೆಯಲ್ಲಿ ಈ ಪ್ರಯೋಗವನ್ನು ಕಟುವಾಗಿ ಟೀಕಿಸಿದರು. ಪ್ರಾಸದ ಮಟ್ಟಿಗೆ ಧ್ಲೋಮೊ ಅವರ ಆಕ್ಷೇಪಣೆ ನ್ಯಾಯವೆಂದೇ ತೋರುತ್ತದೆ. ಆದರೆ ವಿಲಕಾಜಿಯವರು ದೇಶೀ ಪರಂಪರೆಯನ್ನು ಕಡೆಗಣಿಸಿದರೆಂದು ಹೇಳಲಾಗದು. 1938ರ ಎಂ.ಎ. ಪ್ರಬಂಧಕ್ಕೆ ಅವರು ಆರಿಸಿಕೊಂಡ ವಿಷಯ ಜುಲು ಕಾವ್ಯದ ಪರಿಕಲ್ಪನೆ ಹಾಗೂ ಬೆಳವಣಿಗೆಯೇ ಆಗಿತ್ತು.

1945ರ 'ಅಮಲ್ ಎಜುಲು' ಸಂಕಲನದಲ್ಲಿ ಅವರ ದನಿ ಗಾಢವಾಯಿತು. ಅದರಲ್ಲಿನ 'ಎಜಿಂಕೊಂಪೊನಿ' ಎಂಬ ದೀರ್ಘ ಕವನದಲ್ಲಿ ಚಿನ್ನದ ಗಣಿಯ ಕೂಲಿಯೊಬ್ಬ ಭೋರ್ಗರೆಯುವ ಯಂತ್ರಗಳನ್ನೇ ಸಂಬೋಧಿಸಿ ತನ್ನ ಅಳಲನ್ನು ತೋಡಿಕೊಳ್ಳುತ್ತಾನೆ. ನೆಲ ಕಳೆದುಕೊಂಡು ಗಣಿಗಿಳಿದವರ ದುಡಿಮೆ ಒಂದೆಡೆ, ಅದರಿಂದ ಕೊಬ್ಬಿದ ಸಿರಿವಂತಿಕೆ ಮತ್ತೊಂದೆಡೆ. ಆ ಚಿನ್ನದಿಂದಲೇ ಬೆಳೆದ ನಗರದಲ್ಲಿ ಕವಿ ಬಾಳುತ್ತಿದ್ದರೆಂಬುದನ್ನು ನೆನೆದಾಗ ಕವನದ ತೀಕ್ಷ್ಣತೆ ಮನವರಿಕೆಯಾಗುತ್ತದೆ.

ಅವರು ಮೂರು ಕಾದಂಬರಿಗಳನ್ನೂ ಬರೆದರು. 1946ರಲ್ಲಿ ನ್ಗುನಿ ಭಾಷೆಗಳ ಮೌಖಿಕ ಹಾಗೂ ಲಿಖಿತ ಸಾಹಿತ್ಯವನ್ನು ಕುರಿತ ಮಹಾಪ್ರಬಂಧಕ್ಕೆ ಡಾಕ್ಟರೇಟ್ ದೊರೆಯಿತು. ಮರುವರ್ಷ ಅಕ್ಟೋಬರ್ 26ರಂದು, ಮಿದುಳುಪೊರೆಯ ಉರಿಯೂತದಿಂದ, ನಲವತ್ತೊಂದರ ಹರೆಯದಲ್ಲಿಯೇ ತೀರಿಕೊಂಡರು. ಡೋಕ್ ಅವರೊಡನೆ ಸಿದ್ಧಪಡಿಸಿದ ಜುಲು–ಇಂಗ್ಲಿಷ್ ನಿಘಂಟು ಅಚ್ಚಾಗಿ ಹೊರಬಂದದ್ದು 1948ರಲ್ಲಿ. ಅದರ ಮುಖಪುಟದಲ್ಲಿ ಇಬ್ಬರ ಹೆಸರೂ ಜೊತೆಯಾಗಿವೆ.